ಪ್ರತಿಕ್ರಿಯೆ: ಸ್ವಾರ್ಥದಿಂದ ಸಮಾಜಕ್ಕೆ ಒಳ್ಳೇದು ಹೇಗೆ?

ಎಲ್ರೂ ತಮ್ ಲಾಭ ಮಾತ್ರ ನೋಡ್ಕೊಂಡ್ರೆ ಸಮಾಜಕ್ಕೆ ಒಳ್ಳೇದು ಹೇಗಾಗತ್ತೆ ಅಂತ ಕೇಳಿದ್ರಲ್ಲ, ಉತ್ತರ ಕೇರಳದ ಮೀನುಗಾರರನ್ನ ನೋಡಿ. 1997ಕ್ಕೆ ಮುಂಚೆ ಬೂತಾಯಿ ಮೀನು ಹಿಡ್ಕೊಂಡು ತಮ್ಮೂರ ದಡಕ್ಕೇ ಬರ್ತಿದ್ರು, ಕೊಳ್ಳೋರಿಲ್ಲ ಅಂದ್ರೆ ವಾಪಸ್ ಸಮುದ್ರಕ್ಕೆ, ಅದೇ ಹೊತ್ತಲ್ಲಿ ಹತ್ತಿರದ ಇನ್ನೊಂದು ದಡದಲ್ಲಿ ಜನ ಮೀನು ಸಿಗದೆ ಬರಿಗೈಲಿ ಹೋಗ್ತಿದ್ರು. ಮೊಬೈಲ್ ಬಂದ್ಮೇಲೆ ದೋಣಿಯಿಂದ್ಲೇ ಫೋನ್ ಮಾಡಿ ರೇಟ್ ಜಾಸ್ತಿ ಇರೋ ಕಡೆ ಹೋಗೋಕೆ ಶುರು ಮಾಡಿದ್ರು, ಯಾರ ಉದ್ಧಾರಕ್ಕೂ ಅಲ್ಲ, ನಾಲ್ಕು ಕಾಸು ಹೆಚ್ಚು ಸಿಗ್ಲಿ ಅಂತ. ಆದ್ರೆ ರೇಟ್ ಜಾಸ್ತಿ ಅಂದ್ರೆ ಅಲ್ಲಿ ಮೀನಿಲ್ಲ ಅಂತ ತಾನೇ ಅರ್ಥ! ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ ಅಧ್ಯಯನದ ಪ್ರಕಾರ ಮೀನುಗಾರರ ಲಾಭ ಸರಾಸರಿ 8% ಏರ್ತು, ಗ್ರಾಹಕರಿಗೆ ಬೆಲೆ 4% ಇಳೀತು, ಮೀನು ಎಸೆಯೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಕೊಳ್ಳೋರು ಹಲವರು ಇದ್ದಿದ್ದಕ್ಕೆ ಇದಾಯ್ತು, ಎಲ್ಲಾ ದಡದಲ್ಲೂ ಒಬ್ನೇ ಸಾಹುಕಾರ ಇದ್ದಿದ್ರೆ ಫೋನ್ ಇದ್ದೂ ಪ್ರಯೋಜನ ಇರ್ತಿರ್ಲಿಲ್ಲ.