ಗೆದ್ದ ಪಂದ್ಯಗಳ ಎಣಿಕೆ ಮತ್ತು ಎದುರಾಳಿಗಳ ಬಲ: ಲೀಗ್ ಶ್ರೇಯಾಂಕದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹತ್ತು ತಂಡಗಳ ಹಾಕಿ ಲೀಗ್‌ನಲ್ಲಿ ಮಳೆಯಿಂದಾಗಿ ತಂಡಕ್ಕೆ ಆರೇ ಪಂದ್ಯಗಳು ನಡೆದಿರುವಾಗ, ಐದು ಗೆದ್ದವರಿಗೆ ಮೂರನೆಯ ಸ್ಥಾನ ಕೊಡಬೇಕೋ, ಬಲಿಷ್ಠರೊಡನೆ ಆಡಿ ನಾಲ್ಕು ಗೆದ್ದವರಿಗೆ ಕೊಡಬೇಕೋ ಎಂದು ಕೊಡಗಿನ ನಾಪೋಕ್ಲಿನ ಸದಸ್ಯರು ಕೇಳಿದ್ದಾರೆ.

ನಮ್ಮ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಈ ತಕರಾರು ಹುಟ್ಟುವುದಿಲ್ಲ. ನಾಕೌಟ್ ಆದ್ದರಿಂದ ಸೋತವರು ಮನೆಗೆ. 2024ರಲ್ಲಿ 360 ಕುಟುಂಬಗಳು ಆಡಿದಾಗಲೂ ಅದೇ ನಿಯಮ. ಲೀಗ್‌ನಲ್ಲಿ ಎಲ್ಲರೂ ಎಲ್ಲರೊಡನೆ ಆಡಿದರೆ ಅಂಕಪಟ್ಟಿಯೇ ಸಾಕು. ಆಡದೇ ಉಳಿದಾಗ ಮಾತ್ರ ಯಾರು ಯಾರೊಡನೆ ಆಡಿದರು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಲೆಕ್ಕ ಹೀಗೆ. ಮೊದಲ ತಂಡದ ಗೆಲುವಿನ ಪ್ರಮಾಣ ಆರಕ್ಕೆ ಐದು, ಅಂದರೆ 0.833. ಅದರ ಆರು ಎದುರಾಳಿಗಳು ಇತರರೊಡನೆ ಆಡಿದ ಒಟ್ಟು 30 ಆಟಗಳಲ್ಲಿ 9 ಗೆದ್ದಿದ್ದಾರೆ ಎಂದುಕೊಳ್ಳಿ. ಎದುರಾಳಿ ಬಲ 0.30. ಎರಡನೆಯ ತಂಡದ ಗೆಲುವು 0.667, ಅದರ ಎದುರಾಳಿಗಳು ಅಂತಹದೇ 30ರಲ್ಲಿ 18 ಗೆದ್ದಿದ್ದರೆ ಬಲ 0.60. ಗೆಲುವಿಗೆ ನೂರರಲ್ಲಿ 60, ಎದುರಾಳಿ ಬಲಕ್ಕೆ 40 ತೂಕ ಕೊಟ್ಟರೆ ಮೊದಲನೆಯದಕ್ಕೆ 0.62, ಎರಡನೆಯದಕ್ಕೆ 0.64 ಬರುತ್ತದೆ, ಅಂದರೆ ಮೂರನೆಯ ಸ್ಥಾನ ಎರಡನೆಯದಕ್ಕೆ. ಡ್ರಾ ಆದರೆ ಅರ್ಧ ಗೆಲುವೆಂದು ಹಿಡಿಯಿರಿ.

ಎದುರಾಳಿಗಳ ಲೆಕ್ಕದಿಂದ ನಿಮ್ಮೊಡನೆ ಆಡಿದ ಪಂದ್ಯವನ್ನು ಕಡ್ಡಾಯವಾಗಿ ತೆಗೆದುಹಾಕಬೇಕು. ಇಲ್ಲವಾದರೆ ನೀವು ಅವರನ್ನು ಸೋಲಿಸಿದ್ದರಿಂದಲೇ ಅವರ ದಾಖಲೆ ಕುಗ್ಗಿ, ನಿಮ್ಮ ಎದುರಾಳಿ ಬಲವೂ ಕುಗ್ಗುತ್ತದೆ. ಗೆದ್ದದ್ದಕ್ಕೆ ದಂಡ ಕಟ್ಟಿದ ಹಾಗೆ.

60 ಮತ್ತು 40 ಎಂಬುದು ಶಾಸ್ತ್ರವಲ್ಲ, ನನ್ನ ಆಯ್ಕೆ. ಅಮೆರಿಕದ ಕಾಲೇಜು ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ 1981ರಿಂದ 2018ರವರೆಗೆ ಬಳಕೆಯಲ್ಲಿದ್ದ ಆರ್‌ಪಿಐ ಎಂಬ ಶ್ರೇಯಾಂಕ ಸೂತ್ರ ಸ್ವಂತ ಗೆಲುವಿಗೆ 25, ಎದುರಾಳಿಗಳ ಗೆಲುವಿಗೆ 50, ಎದುರಾಳಿಗಳ ಎದುರಾಳಿಗಳಿಗೆ 25 ತೂಕ ಕೊಡುತ್ತಿತ್ತು. ಮುಕ್ಕಾಲು ಭಾಗ ಪರರ ಆಟದ ಮೇಲೆಯೇ ನಿಂತದ್ದರಿಂದ, ದುರ್ಬಲ ತಂಡವನ್ನು ಗೆದ್ದರೂ ಶ್ರೇಯಾಂಕ ಇಳಿಯುವ ವಿಚಿತ್ರ ಅಲ್ಲಿ ನಡೆಯುತ್ತಿತ್ತು. ಆರು ಪಂದ್ಯಗಳ ಲೀಗ್‌ಗೆ ಅದನ್ನು ನಾನು ಒಪ್ಪಲಾರೆ.

ಅಂತರರಾಷ್ಟ್ರೀಯ ಹಾಕಿ ಒಕ್ಕೂಟ 2020ರಿಂದ ಅನುಸರಿಸುತ್ತಿರುವುದು ಬೇರೆ ದಾರಿ: ಪ್ರತಿ ಪಂದ್ಯದಲ್ಲೂ ಒಂದು ತಂಡ ಗಳಿಸಿದಷ್ಟೇ ಅಂಕವನ್ನು ಇನ್ನೊಂದು ಕಳೆದುಕೊಳ್ಳುತ್ತದೆ, ಮೇಲಿನವರನ್ನು ಮಣಿಸಿದರೆ ಹೆಚ್ಚು ಸಿಗುತ್ತದೆ. ಪ್ರತಿ ವರ್ಷ ನಡೆಯುವ ಲೀಗ್ ಆದರೆ ಇದೇ ಲೇಸು. ಒಂದೇ ಋತುವಿನ ಹತ್ತು ತಂಡಗಳಿಗೆ ಆರಂಭದ ಅಂಕ ಹಾಕುವುದರಲ್ಲೇ ಜಗಳ ಶುರುವಾದೀತು.

ಗೋಲುಗಳ ಅಂತರವನ್ನು ಎರಡು ತಂಡಗಳ ಲೆಕ್ಕ ಸಮ ಬಂದಾಗ ಮಾತ್ರ ನೋಡಿ, ಅದೂ ಪಂದ್ಯಕ್ಕೆ ಮೂರಕ್ಕಿಂತ ಹೆಚ್ಚು ಎಣಿಸದೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟ ಬಿಟ್ಟು ಬರಲಾಗದೆ ಒಂಬತ್ತೇ ಜನ ಇಳಿದ ತಂಡದ ಮೇಲೆ ಹತ್ತು ಗೋಲು ಹೊಡೆದದ್ದು ಬಲದ ಲಕ್ಷಣವಲ್ಲ.

ಈ ಸಲ ಅರ್ಧದಾರಿಯಲ್ಲಿ ಸೂತ್ರ ಬದಲಿಸುವುದಿದ್ದರೆ, ಲೆಕ್ಕ ಹಾಕಿ ನೋಡುವ ಮೊದಲೇ ಹತ್ತೂ ತಂಡಗಳ ಒಪ್ಪಿಗೆ ಪಡೆಯಿರಿ. ಫಲಿತಾಂಶ ಕಂಡ ಮೇಲೆ ಯಾರೂ ಒಪ್ಪುವುದಿಲ್ಲ. ಒಪ್ಪಿದರೆ ಪಂದ್ಯಗಳ ಪಟ್ಟಿಯನ್ನು ಇಲ್ಲಿ ಹಾಕಿ, ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿಕೊಡುತ್ತೇನೆ. ರದ್ದಾದ ಪಂದ್ಯಗಳನ್ನು ಸೊನ್ನೆ ಎಂದು ಬರೆಯದೆ ಖಾಲಿ ಬಿಡಿ.