ದುರ್ಗಾಸ್ತಮಾನ ಈಗಲೇ ಬೇಡ

ಬರೀ ಪತ್ತೇದಾರಿ ಓದಿದವರು ತರಾಸು ಅವರ ‘ದುರ್ಗಾಸ್ತಮಾನ’ದಿಂದ ಐತಿಹಾಸಿಕ ಕಾದಂಬರಿ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದವನು, ಹೋದ ತಿಂಗಳಷ್ಟೇ ಅದನ್ನ ಎರಡನೇ ಸಲ ಮುಗಿಸಿದೆ. ಪುಸ್ತಕ ದಪ್ಪ, ಅರಮನೆ ರಾಜಕೀಯಕ್ಕೆ ತಾಳ್ಮೆ ಬೇಕು. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿ ಪಾಲಾಗಿದ್ದು ಮೊದಲೇ ಗೊತ್ತಿದ್ದರೂ ಕೊನೆಕೊನೆಗೆ ಗಂಟಲು ಕಟ್ಟಿತು. ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿ ಓಬವ್ವನ ಕಿಂಡಿ ಮುಂದೆ ನಿಂತೆ. ಒಬ್ಬರು ಮೈ ಬಗ್ಗಿಸಿ ನುಸುಳೋಷ್ಟೇ ಜಾಗ ಅದು!

ನಿಮಗಾದರೆ ಮೊದಲು ತೇಜಸ್ವಿಯವರ ‘ಕರ್ವಾಲೊ’ ಹೇಳ್ತೀನಿ. ಅಲ್ಲಿ ಹುಡುಕಾಟ ಕೊಲೆಗಾರನಿಗಲ್ಲ, ಹಾರುವ ಓತಿಗೆ. ಪತ್ತೇದಾರಿಯ ಕುತೂಹಲ ಹಾಗೇ ಇರುತ್ತೆ, ಜೊತೆಗೆ ಮಲೆನಾಡಿನ ಕಾಡು. ಕೌಟುಂಬಿಕ ಕಥೆ ಬೇಕಾದರೆ ‘ಘಾಚರ್ ಘೋಚರ್’, ಒಂದೇ ಕೂತಲ್ಲಿ ಮುಗಿಯುತ್ತೆ. ಅದರಲ್ಲಿ ಮನೆ ತುಂಬೋ ಇರುವೆಗಳನ್ನ ನಾನಿನ್ನೂ ಮರೆತಿಲ್ಲ. ಆಮೇಲೆ ತರಾಸು ಹಿಡೀರಿ.