ಹನ್ನೆರಡು ದಿನದ ರಜೆ, ಮನೆಗೆ ಸಿಕ್ಕಿದ್ದು ನಾಲ್ಕು

ಸುಮಾ ಮೊದಲ ಸಲ ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ತಮ್ಮ ಬಗ್ಗೆ ಏನೂ ಹೇಳಲಿಲ್ಲ. "ನಮ್ಮನೆಯವರು ಪೈಲಟ್ ಮೇಡಂ. ಅವರು ನೆಮ್ಮದಿಯಾಗಿ ಮಲಗಿದ್ದನ್ನು ನಾನು ನೋಡಿ ತಿಂಗಳುಗಳೇ ಆದವು" ಎಂದರು. ಆಮೇಲೆ ತುಂಬಾ ಹೊತ್ತು ಕೈಯಲ್ಲಿದ್ದ ಕಾರಿನ ಕೀ ನೋಡುತ್ತಾ ಕೂತರು.

ಇದನ್ನು ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳು ನಿಜವಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಕಿರಣ್ ಮತ್ತು ಸುಮಾ ಶಿವಮೊಗ್ಗ ಕಡೆಯವರು. ಅಮೆರಿಕಕ್ಕೆ ಬಂದು ಹತ್ತು ವರ್ಷ ದಾಟಿದೆ. ಉತ್ತರ ಕೆರೊಲಿನಾದ ರಾಲಿ ಹತ್ತಿರ ಮನೆ ಮಾಡಿದ್ದಾರೆ. ಸುಮಾಗೆ ಅಲ್ಲೇ ಒಂದು ಔಷಧ ಕಂಪನಿಯಲ್ಲಿ ಕೆಲಸ. ಮಗಳಿಗೆ ನಾಲ್ಕು ವರ್ಷ. ಕಿರಣ್ ಸಾಫ್ಟ್‌ವೇರ್‌ನಲ್ಲಿದ್ದರು. ಚಿಕ್ಕಂದಿನ ಆಸೆ ಬಿಡಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಶನಿವಾರ ಭಾನುವಾರ ಸಣ್ಣ ಸೆಸ್ನಾ ವಿಮಾನದಲ್ಲಿ ಕಲಿತರು, ಲೈಸೆನ್ಸ್ ಪಡೆದರು. ಕೆಲಸ ಬಿಟ್ಟು ಅದೇ ಶಾಲೆಯಲ್ಲಿ ಬೇರೆಯವರಿಗೆ ಹೇಳಿಕೊಟ್ಟರು. ಹಾಗೆ ಏರ್‌ಲೈನ್ ಸೇರಲು ಬೇಕಾದ 1,500 ಗಂಟೆ ಹಾರಾಟ ಕೂಡಿಸಿಕೊಂಡರು. 37ನೇ ವಯಸ್ಸಿನಲ್ಲಿ ಒಂದು ರೀಜನಲ್ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಆದರು.

ರೀಜನಲ್ ಏರ್‌ಲೈನ್ ಅಂದರೆ ಯುನೈಟೆಡ್, ಡೆಲ್ಟಾ, ಅಮೆರಿಕನ್ ಎಂಬ ದೊಡ್ಡ ಏರ್‌ಲೈನ್‌ಗಳ ಹೆಸರು ಬರೆದ ಸಣ್ಣ ಜೆಟ್‌ಗಳನ್ನು ಅವರ ಪರವಾಗಿ ಹಾರಿಸುವ ಬೇರೆ ಕಂಪನಿ. ಹೊಸ ಪೈಲಟ್‌ಗಳಲ್ಲಿ ತುಂಬಾ ಜನ ಇಲ್ಲೇ ಶುರು ಮಾಡುತ್ತಾರೆ. ಇಲ್ಲಿ ಎಲ್ಲವೂ ಸೀನಿಯಾರಿಟಿ ನಂಬರ್ ಮೇಲೆ, ಅಂದರೆ ಯಾರು ಮೊದಲು ಸೇರಿದರು ಎಂಬುದರ ಮೇಲೆ ನಿಂತಿದೆ. ಯಾವ ಊರು ಬೇಸ್ (ಕೆಲಸ ಶುರುವಾಗುವ ವಿಮಾನ ನಿಲ್ದಾಣ), ಯಾವ ದಿನ ರಜೆ, ಹಬ್ಬಕ್ಕೆ ಮನೆಯಲ್ಲಿ ಇರುತ್ತೀರೋ ಇಲ್ಲವೋ, ಎಲ್ಲವೂ. ಹೊಸಬರಿಗೆ ಉಳಿದದ್ದು ಸಿಗುತ್ತದೆ. ಕಿರಣ್‌ಗೆ ಸಿಕ್ಕಿದ್ದು ಶಿಕಾಗೊ.

ರಾಲಿಯಿಂದ ಶಿಕಾಗೊ ಓಹೇರ್‌ಗೆ ಎರಡು ಗಂಟೆ ಹಾರಾಟ. ಕೇಳಲು ಸುಲಭ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ಈ ಎರಡು ಗಂಟೆಗೆ ಟಿಕೆಟ್ ಇರುವುದಿಲ್ಲ. ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಕೂರಬೇಕು. ಇಲ್ಲದಿದ್ದರೆ ಕಾಕ್‌ಪಿಟ್‌ನಲ್ಲಿರುವ ಜಂಪ್‌ಸೀಟ್ ಎಂಬ ಹೆಚ್ಚುವರಿ ಸೀಟು, ಅದೂ ಆ ವಿಮಾನದ ಕ್ಯಾಪ್ಟನ್ ಒಪ್ಪಿದರೆ. ಇನ್ನೊಬ್ಬ ಪೈಲಟ್ ಮೊದಲೇ ಬಂದು ಹೆಸರು ಕೊಟ್ಟಿದ್ದರೆ ಅದೂ ಇಲ್ಲ. ಶುಕ್ರವಾರ ಸಂಜೆ ಎಲ್ಲವೂ ಭರ್ತಿ. ಬೇಸಿಗೆಯಲ್ಲಿ ಗುಡುಗು ಮಳೆ, ಚಳಿಗಾಲದಲ್ಲಿ ಹಿಮ.

ಅದರ ಮೇಲೆ ಕಿರಣ್ ರಿಸರ್ವ್‌ನಲ್ಲಿದ್ದರು. ನಿಗದಿಯಾದ ಹಾರಾಟ ಇರುವುದಿಲ್ಲ, ಕರೆದಾಗ ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ಇರಬೇಕು. ಹಾಗಾಗಿ ರಾಲಿಯಲ್ಲಿ ಕೂರುವ ಹಾಗಿಲ್ಲ. ಶಿಕಾಗೊದ ಕ್ರ್ಯಾಶ್ ಪ್ಯಾಡ್‌ನಲ್ಲಿ ಕಾಯಬೇಕು. ನಿಲ್ದಾಣದ ಹತ್ತಿರದ ಬಾಡಿಗೆ ಮನೆ ಅದು, ಒಂದೊಂದು ಕೋಣೆಯಲ್ಲಿ ನಾಲ್ಕಾರು ಬಂಕ್ ಮಂಚ. ಕಿರಣ್ ದುಡ್ಡು ಉಳಿಸಲು "ಹಾಟ್ ಬಂಕ್" ತೆಗೆದುಕೊಂಡಿದ್ದರು. ಅಂದರೆ ಸ್ವಂತ ಮಂಚ ಇಲ್ಲ, ಆವತ್ತು ಯಾವುದು ಖಾಲಿ ಇದೆಯೋ ಅದು. ಕೆಲವು ಸಲ ಒಂದು ದಿನವೂ ಕರೆ ಬರುತ್ತಿರಲಿಲ್ಲ. ನಾಲ್ಕು ದಿನ ಮೇಲಿನ ಮಂಚದಲ್ಲಿ ಮಲಗಿ, ಮಗಳ ವಿಡಿಯೊ ನೋಡಿ ವಾಪಸ್ ಬರುತ್ತಿದ್ದರು.

ಸುಮಾ ಸಿಟ್ಟು ದೂರದ ಮೇಲೆ ಇರಲಿಲ್ಲ. "ಮನೇಲಿದ್ದಾಗಲೂ ಇವರು ಮನೇಲಿರಲ್ಲ. ತಟ್ಟೆ ಮುಂದೆ ಕೂತು ಫೋನಲ್ಲಿ ಸೀಟು ಎಷ್ಟಿದೆ ಅಂತ ನೋಡ್ತಾನೇ ಇರ್ತಾರೆ. ನಾನು ಮಾತಾಡಿದ್ರೆ 'ಹ್ಞೂಂ' ಅಂತಾರೆ" ಎಂದರು. ಅತ್ತೆ ಊರಿಂದ ಬಂದು ಆರು ತಿಂಗಳು ಇದ್ದು ಹೋಗಿದ್ದರು. ಅವರು ಹೋದ ಮೇಲೆ ಮಗು, ಆಫೀಸು, ಅಡುಗೆ ಎಲ್ಲವೂ ಸುಮಾ ಒಬ್ಬರ ತಲೆ ಮೇಲೆ.

ಗಂಡನನ್ನೂ ಕರೆದುಕೊಂಡು ಬನ್ನಿ ಎಂದೆ. ಕಿರಣ್ ಒಪ್ಪಲಿಲ್ಲ. ಕಾರಣ ಹೆದರಿಕೆ, ಅದರಲ್ಲಿ ಅರ್ಥವೂ ಇತ್ತು. ಅಮೆರಿಕದಲ್ಲಿ ಪೈಲಟ್‌ಗಳು ವೈದ್ಯಕೀಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ಹಿಂದಿನ 3 ವರ್ಷಗಳಲ್ಲಿ ಕಂಡ ವೈದ್ಯರು, ಮನಶ್ಶಾಸ್ತ್ರಜ್ಞರ ವಿವರ ಬರೆಯಬೇಕು. ಅದನ್ನು ನೆನೆದು ಎಷ್ಟೋ ಪೈಲಟ್‌ಗಳು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಸಹಾಯ ಬೇಕಾದವರೇ ಸಹಾಯಕ್ಕೆ ಹೆದರಿ ದೂರ ಉಳಿಯುವುದು ನನಗೆ ತುಂಬಾ ನೋವು ಕೊಡುವ ವಿಷಯ. ಫೋನಿನಲ್ಲಿ ಅವರಿಗೆ ಒಂದೇ ಮಾತು ಹೇಳಿದೆ: "ಮುಚ್ಚಿಡಿ ಅಂತ ನಾನು ಯಾವತ್ತೂ ಹೇಳಲ್ಲ. ಮೊದಲು ನಿಮ್ಮನ್ನು ಪರೀಕ್ಷೆ ಮಾಡುವ ವಿಮಾನಯಾನ ವೈದ್ಯರನ್ನೇ ಕೇಳಿ, ದಂಪತಿ ಸಲಹೆಗೆ ಹೋದರೆ ಏನು ಬರೆಯಬೇಕು ಅಂತ. ಅವರ ಉತ್ತರ ಸಿಕ್ಕ ಮೇಲೆ ಬನ್ನಿ." ಜೊತೆಗೆ ಪೈಲಟ್ ಸಂಘದ ಪೀರ್ ಸಪೋರ್ಟ್ ಬಗ್ಗೆಯೂ ಹೇಳಿದೆ. ಅಲ್ಲಿ ಮಾತಾಡುವವರೂ ಪೈಲಟ್‌ಗಳೇ. ಮೂರು ವಾರ ಬಿಟ್ಟು ಕಿರಣ್ ಬಂದರು.

ಬಂದವರು ಮೊದಲು ಹೇಳಿದ್ದು ಭುಜಪಟ್ಟಿಯ ಕಥೆ. ಒಂದು ಮಧ್ಯಾಹ್ನ ಹೊರಡುವಾಗ ಯೂನಿಫಾರಂನ ಮೂರು ಗೆರೆಯ ಭುಜಪಟ್ಟಿ ಸಿಗಲಿಲ್ಲ. ಹುಡುಕಿ ಹುಡುಕಿ ಹೊತ್ತಾಯಿತು. ಕೊನೆಗೆ ಮಗಳ ಆಟದ ಸಾಮಾನಿನ ಡಬ್ಬಿಯಲ್ಲಿ, ಗೊಂಬೆಯ ಹೊದಿಕೆ ಕೆಳಗೆ ಇತ್ತು. ಅವಳೇ ಬಚ್ಚಿಟ್ಟಿದ್ದಳು. "ಜೋರಾಗಿ ಗದರಿಬಿಟ್ಟೆ ಮೇಡಂ. ಅವಳು ಅಳಲೂ ಇಲ್ಲ, ಸುಮ್ನೆ ನೋಡಿದಳು. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ನಾನೇ ಅತ್ತೆ."

ಅದಾದ ಮೇಲೆ ಇನ್ನೊಂದು ವಿಷಯ ಹೊರಬಂತು. ಇದು ಸುಮಾಗೂ ಗೊತ್ತಿರಲಿಲ್ಲ. ಜೂನ್‌ನ ಒಂದು ರಾತ್ರಿ, ಮಗಳನ್ನು ಮಲಗಿಸಿಯೇ ಹೋಗೋಣ ಎಂದು ಕಿರಣ್ ಕೊನೆಯ ವಿಮಾನ ನೆಚ್ಚಿಕೊಂಡರು. ಮಳೆಯಿಂದ ತಡವಾಯಿತು. ಶಿಕಾಗೊದಲ್ಲಿ ಇಳಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಮಂಚಕ್ಕೆ ಬಂದಾಗ ಒಂದು ಗಂಟೆ. ಬೆಳಗ್ಗೆ 5.15ಕ್ಕೆ ರಿಪೋರ್ಟ್. ಮೂರು ಗಂಟೆ ನಿದ್ದೆ. ಅವತ್ತು ಎರಡನೇ ಹಾರಾಟದಲ್ಲಿ ಇಳಿಯುವ ಹೊತ್ತಿಗೆ ಏರ್ ಟ್ರಾಫಿಕ್ ಕಂಟ್ರೋಲರ್ ಎರಡು ಸಲ ಕರೆದದ್ದು ಅವರ ಕಿವಿಗೆ ಬೀಳಲಿಲ್ಲ. ಕ್ಯಾಪ್ಟನ್ ಉತ್ತರ ಕೊಟ್ಟು, "ಹುಷಾರಾಗಿದ್ದೀಯಾ?" ಎಂದು ಕೇಳಿದರು. ಹೌದು ಎಂದರು ಕಿರಣ್.

ಇಲ್ಲಿ ನಾನು ಮಾತು ನಿಲ್ಲಿಸಿದೆ. ಇದು ಗಂಡ ಹೆಂಡತಿ ಮುನಿಸಿನ ವಿಷಯ ಅಷ್ಟೇ ಅಲ್ಲ ಎಂದು ಆಗ ನನಗೆ ಖಚಿತವಾಯಿತು.

2009ರ ಫೆಬ್ರವರಿ 12ರಂದು ನೂವರ್ಕ್‌ನಿಂದ ಹೊರಟ ಕೋಲ್ಗನ್ ಏರ್ 3407 ವಿಮಾನ ಬಫಲೊ ಹತ್ತಿರ ಬಿದ್ದು 50 ಜನ ಸತ್ತರು. ಅದೂ ರೀಜನಲ್ ಹಾರಾಟವೇ. ಸಹ ಪೈಲಟ್ ಹಿಂದಿನ ರಾತ್ರಿಯಿಡೀ ಸಿಯಾಟಲ್‌ನಿಂದ ಪ್ರಯಾಣ ಮಾಡಿ ಬೇಸ್‌ಗೆ ಬಂದಿದ್ದರು. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. ವಿಮಾನ ವೇಗ ಕಳೆದುಕೊಂಡಾಗ ಕ್ಯಾಪ್ಟನ್ ತಪ್ಪಾಗಿ ನಿಭಾಯಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಇಬ್ಬರ ಕೆಲಸಕ್ಕೂ ದಣಿವು ಅಡ್ಡಿಯಾಗಿರಬಹುದು, ಎಷ್ಟರ ಮಟ್ಟಿಗೆ ಎಂದು ಖಚಿತವಾಗಿ ಹೇಳಲಾಗದು ಎಂದೂ ಬರೆಯಿತು. ಆ ದುರಂತದ ನಂತರವೇ 1,500 ಗಂಟೆಯ ನಿಯಮ ಬಂತು. 2014ರ ಜನವರಿಯಿಂದ ವಿಶ್ರಾಂತಿಯ ಹೊಸ ನಿಯಮಗಳೂ ಬಂದವು: ಕೆಲಸಕ್ಕೆ ಮೊದಲು 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ಪ್ರತಿ ಹಾರಾಟಕ್ಕೆ ಮುಂಚೆ "ನಾನು ಹಾರಲು ಯೋಗ್ಯ" ಎಂದು ಪೈಲಟ್ ತಾನೇ ಹೇಳಬೇಕು.

ಆದರೆ ಮನೆಯಿಂದ ಬೇಸ್‌ಗೆ ಬರುವ ಹೊತ್ತನ್ನು ಆ ನಿಯಮ ಕೆಲಸ ಎಂದು ಎಣಿಸುವುದಿಲ್ಲ. ಕಂಪನಿಯೂ ಎಣಿಸುವುದಿಲ್ಲ. ಮನೆಯವರು ಅದನ್ನು ರಜೆ ಎಂದೇ ತಿಳಿಯುತ್ತಾರೆ, ಪೈಲಟ್ ಕೆಲಸ ಎಂದು ತಿಳಿಯುತ್ತಾನೆ. ಯಾರ ಲೆಕ್ಕದಲ್ಲೂ ಬರದ ಆ ಗಂಟೆಗಳು ಕೊನೆಗೆ ನಿದ್ದೆಯಿಂದಲೋ ಮಗುವಿನ ಪಾಲಿನಿಂದಲೋ ಹೋಗುತ್ತವೆ. ಹಾಗಾಗಿ ನಾನು ಮಾಡಿದ ಮುಖ್ಯ ಕೆಲಸ ಲೆಕ್ಕ ಹಾಕಿಸುವುದು.

ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟೆವು. ತಿಂಗಳಿಗೆ ಕಿರಣ್‌ಗೆ 12 ದಿನ ರಜೆ, ಮೂರು ಮೂರು ದಿನವಾಗಿ ನಾಲ್ಕು ಸಲ. ಮೊದಲ ದಿನ ಮನೆ ತಲುಪುವಾಗ ಮಧ್ಯಾಹ್ನ. ಮೂರನೇ ದಿನ ಮಧ್ಯಾಹ್ನವೇ ಹೊರಡಬೇಕು. ಪೂರ್ತಿ ಸಿಗುವುದು ನಡುವಿನ ಒಂದು ದಿನ. ಅಂದರೆ 12 ದಿನದ ರಜೆಯಲ್ಲಿ ಮನೆಗೆ ದಕ್ಕಿದ್ದು 4 ಪೂರ್ತಿ ದಿನ, 8 ರಾತ್ರಿ. ಸುಮಾ ಆ ಅಂಕಿಯನ್ನು ನೋಡಿ, "ನಾನು ಇಷ್ಟು ದಿನ ಇವರಿಗೆ ಹನ್ನೆರಡು ದಿನ ಇದೆಯಲ್ಲಾ, ಏನು ಮಾಡ್ತಾರೆ ಅಂತ ಜಗಳ ಆಡ್ತಿದ್ದೆ" ಎಂದರು.

ಅದೇ 12 ದಿನವನ್ನು ನಾಲ್ಕು ನಾಲ್ಕಾಗಿ ಮೂರು ಸಲ ತೆಗೆದುಕೊಂಡರೆ? ಆರು ದಿನ ಕೆಲಸ, ನಾಲ್ಕು ದಿನ ರಜೆ. ಪೂರ್ತಿ ದಿನಗಳು 6, ರಾತ್ರಿಗಳು 9. ಒಂದು ಸಲದ ಹೋಗಿ ಬರುವ ಪ್ರಯಾಣವೂ ತಪ್ಪುತ್ತದೆ. ಆರು ದಿನ ಅಪ್ಪ ಇಲ್ಲ ಎಂಬುದು ಮಗುವಿಗೆ ಕಷ್ಟ, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಬಂದ ಅಪ್ಪ ಮಾರನೇ ದಿನವೇ ಸೂಟ್‌ಕೇಸ್ ತೆಗೆಯುವುದು ಇನ್ನೂ ಕಷ್ಟ ಎಂದು ಸುಮಾ ಅವರೇ ಹೇಳಿದರು. ಹೊಸಬರು ಕೇಳಿದ್ದೆಲ್ಲ ಸಿಗುವುದಿಲ್ಲ, ಆದರೂ ಕೇಳಲು ತೊಂದರೆಯಿಲ್ಲ. ಕಿರಣ್ ಮುಂದಿನ ತಿಂಗಳ ಬಿಡ್‌ನಲ್ಲಿ, ಅಂದರೆ ಬೇಕಾದ ದಿನಗಳನ್ನು ಕೇಳುವ ಕೋರಿಕೆಯಲ್ಲಿ, ಹಾಗೇ ಕೇಳಿದರು. ಮೊದಲ ತಿಂಗಳು ಸಿಗಲಿಲ್ಲ. ಎರಡನೇ ತಿಂಗಳು ಸಿಕ್ಕಿತು.

ಕೊನೆಯ ವಿಮಾನ ನೆಚ್ಚಿಕೊಳ್ಳುವುದನ್ನು ಪೂರ್ತಿ ಬಿಡಿ ಎಂದೆ. ಬೆಳಗಿನ ರಿಪೋರ್ಟ್ ಇದ್ದರೆ ಹಿಂದಿನ ಮಧ್ಯಾಹ್ನವೇ ಹೊರಡಬೇಕು, ಅದಾದ ಮೇಲೂ ಎರಡು ವಿಮಾನ ಇರಬೇಕು. ಕಿರಣ್‌ಗೆ ಇದು ಕಹಿಯಾಯಿತು. ಮಗಳನ್ನು ಮಲಗಿಸುವ ರಾತ್ರಿ ಹೋಗುತ್ತದಲ್ಲ ಎಂದರು. ಹೋಗುತ್ತದೆ. ನಾನು ಬಗ್ಗಲಿಲ್ಲ. ಆ ರಾತ್ರಿಯನ್ನು ಉಳಿಸಿಕೊಳ್ಳಲು ಅವರು ಹಿಂದೆ 76 ಜನ ಕೂತ ವಿಮಾನದಲ್ಲಿ ನಿದ್ದೆಗೆಟ್ಟು ಕೂತಿದ್ದರು.

ಹಾಟ್ ಬಂಕ್ ಬಿಟ್ಟು ಸ್ವಂತ ಮಂಚ ತೆಗೆದುಕೊಳ್ಳಿ ಎಂದೆ. ತಿಂಗಳಿಗೆ 150 ಡಾಲರ್ ಜಾಸ್ತಿ. ಸಂಬಳ ಮೊದಲೇ ಅರ್ಧಕ್ಕೆ ಇಳಿದಿತ್ತು, ಸುಮಾ ತಕ್ಷಣ ಒಪ್ಪಲಿಲ್ಲ. ಹೊರಗಿನ ಊಟ ಕಡಿಮೆ ಮಾಡಿ ಹೊಂದಿಸಿದರು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಈಗ ಕ್ರ್ಯಾಶ್ ಪ್ಯಾಡ್‌ನ ಫ್ರಿಜ್‌ನಲ್ಲಿ ಹೆಸರು ಬರೆದು ಕೂತಿವೆ.

ಒಂದು ಸಲಹೆ ನಾನು ತಪ್ಪಾಗಿ ಕೊಟ್ಟೆ. ಮನೆಗೆ ಬಂದ ದಿನ ಫೋನ್ ಪಕ್ಕಕ್ಕಿಟ್ಟು ಪೂರ್ತಿ ಮಗಳ ಜೊತೆ ಇರಿ ಎಂದಿದ್ದೆ. ಎರಡು ವಾರ ಪ್ರಯತ್ನ ಮಾಡಿದರು. ನಿದ್ದೆಗಣ್ಣಿನಲ್ಲಿ ಆಟ ಆಡಿ, ಸಂಜೆ ಹೊತ್ತಿಗೆ ಸಣ್ಣದಕ್ಕೂ ಸಿಡುಕಿ, ಮತ್ತೆ ಜಗಳ. ಆಮೇಲೆ ಬದಲಿಸಿದೆವು. ಬಂದ ತಕ್ಷಣ ನಾಲ್ಕು ಗಂಟೆ ಬಾಗಿಲು ಹಾಕಿ ನಿದ್ದೆ, ಯಾರೂ ಎಬ್ಬಿಸುವ ಹಾಗಿಲ್ಲ. ಮಾರನೇ ದಿನ ಮಗಳ ಜವಾಬ್ದಾರಿ ಪೂರ್ತಿ ಅಪ್ಪನದು. ಅವತ್ತು ಸುಮಾ ಹೊರಗೆ ಹೋಗಬೇಕು, ಗೆಳತಿಯ ಮನೆಗೋ ಸುಮ್ನೆ ಕೆರೆ ಸುತ್ತಲೋ. ಸೀಟು ನೋಡುವುದು ದಿನಕ್ಕೆ ಎರಡೇ ಸಲ, ಊಟದ ಮೇಜಿನಲ್ಲಿ ಇಲ್ಲ.

ಇಡೀ ವಿಷಯದಲ್ಲಿ ಕಷ್ಟದ್ದು ಎಂದರೆ ಸುಸ್ತಾದಾಗ "ಆಗುವುದಿಲ್ಲ" ಎಂದು ಹೇಳುವುದು. ಕಿರಣ್ ಇನ್ನೂ ಪ್ರೊಬೇಷನ್‌ನಲ್ಲಿದ್ದರು. ಮೊದಲ ವರ್ಷ ಹೆಸರು ಕೆಡಬಾರದು ಎಂಬ ಭಯ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಇನ್ನೂ ಜಾಸ್ತಿ, ಕೆಲಸಕ್ಕೆ ಬರಲ್ಲ ಎನ್ನುವುದೇ ಅಪರಾಧ ಅನಿಸುತ್ತದೆ. ನಾವು ಆ ಫೋನ್ ಕರೆಯನ್ನು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ನಾನು ಪೈಲಟ್‌ಗಳಿಗೆ ಹಾರಾಟ ಹಂಚುವ ಶೆಡ್ಯೂಲಿಂಗ್ ವಿಭಾಗದವಳಾದೆ. ಎರಡು ವಾಕ್ಯ ಸಾಕು, ಕ್ಷಮೆ ಕೇಳಬೇಡಿ, ಕಥೆ ಹೇಳಬೇಡಿ ಎಂದೆ. ಮೊದಲ ಮೂರು ಸಲವೂ ಅವರು ಕ್ಷಮೆ ಕೇಳಿದರು. ನಾಲ್ಕನೇ ಸಲ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಆ ಕರೆ ನಿಜವಾಗಿ ಮಾಡಬೇಕಾಯಿತು. ಮಧ್ಯಾಹ್ನವೇ ಹೊರಟಿದ್ದರೂ ಎರಡು ವಿಮಾನ ಭರ್ತಿ, ಮೂರನೆಯದು ತಡ. ರಾತ್ರಿ ಹನ್ನೊಂದೂವರೆಗೆ ಮಂಚ ಸಿಕ್ಕಿತು, ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ 3.40ಕ್ಕೆ ಕರೆ ಮಾಡಿ, ದಣಿದಿದ್ದೇನೆ, ಹಾರಲು ಯೋಗ್ಯನಲ್ಲ ಎಂದರು. ಬೇರೆ ಪೈಲಟ್ ಬಂದರು. ಕಿರಣ್ ವರದಿ ಬರೆದುಕೊಡಬೇಕಾಯಿತು. ಮೇಲಿನವರು ಕರೆದು ಹೇಗೆ ಬಂದಿರಿ, ಯಾವಾಗ ಹೊರಟಿರಿ ಎಂದು ವಿಚಾರಿಸಿದರು. ಯಾವ ಯಾವ ವಿಮಾನಕ್ಕೆ ಹೆಸರು ಕೊಟ್ಟಿದ್ದೆ ಎಂಬುದನ್ನು ಕಿರಣ್ ಬರೆದಿಟ್ಟುಕೊಂಡಿದ್ದರು, ತೋರಿಸಿದರು. ಆ ದಿನದ ಸಂಬಳ ಹೋಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಶಿಕಾಗೊಗೆ ಮನೆ ಬದಲಿಸುವುದೋ, ಹತ್ತಿರದ ಬೇಸ್‌ಗೆ ಕಾಯುವುದೋ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ದಿನಾ ಮಾತಾಡಬೇಡಿ, ಒಂದು ಗಡುವು ಹಾಕಿಕೊಳ್ಳಿ ಎಂದಿದ್ದೆ. ಮಗಳು ಶಾಲೆಗೆ ಸೇರುವ ಮುಂಚಿನ ಮಾರ್ಚ್ ತಿಂಗಳು ಎಂದು ಇಬ್ಬರೂ ಒಪ್ಪಿದ್ದಾರೆ. ಅಲ್ಲಿಯವರೆಗೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅಪ್ಪ ಪೂರ್ತಿ ಮನೆಯಲ್ಲಿದ್ದ ದಿನಗಳಿಗೆ ಮಗಳು ಹಳದಿ ಸ್ಟಿಕರ್ ಅಂಟಿಸುತ್ತಾಳೆ. ನವೆಂಬರ್ ಪುಟದ ಫೋಟೊವನ್ನು ಸುಮಾ ಕಳಿಸಿದ್ದರು. ಎಣಿಸಿದೆ, ಏಳು ಇದ್ದವು. ಏಳನೆಯದು ಅಪ್ಪ ಮಧ್ಯಾಹ್ನ ಹೊರಟುಹೋದ ದಿನದ್ದು. ಅವಳು ಅರ್ಧ ಹರಿದು ಅಂಟಿಸಿದ್ದಳು.